ಐವತ್ತು ಬಾಲ್ ಹೊಡೆಯೋಷ್ಟರಲ್ಲಿ ಬೇಜಾರು: ಅಂಗಳದ ಗಾಲ್ಫ್ ಅಭ್ಯಾಸಕ್ಕೆ ರುಚಿ ಬರೋದು ಹೇಗೆ?

ಜಗಲಿಪಟ್ಟರ್ (ತೀರ್ಥಹಳ್ಳಿ)
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ, ಸಾಗರ, ಕೊಪ್ಪ ಕಡೆಯ ಗಾಲ್ಫ್ ಆಟಗಾರರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಇಲ್ಲಿ ಕೇಳ್ತಿರೋದು. ಚಿಕ್ಕಮಗಳೂರಿನ ಮೈದಾನಕ್ಕೆ ಹೋಗಿಬರೋದು ಅಂದ್ರೆ ಇಡೀ ಒಂದು ದಿನ ಬೇಕು. ಉಳಿದ ದಿನವೆಲ್ಲ ಅಭ್ಯಾಸ ಮನೆ ಅಂಗಳದಲ್ಲಿ, ನೆಟ್ಟಿಗೆ. 7 ಐರನ್ (ಮಧ್ಯಮ ದೂರದ ಕ್ಲಬ್) ಹಿಡಿದು ಒಂದರ ಹಿಂದೊಂದು 50 ಬಾಲ್. ಮೊದಲ ಹದಿನೈದಕ್ಕೆ ಮನಸ್ಸು ಜೊತೆಗಿರುತ್ತೆ, ಆಮೇಲೆ ಬರೀ ಕೈ ಆಡುತ್ತೆ. ಮಕ್ಕಳಂತೂ ಇಪ್ಪತ್ತು ನಿಮಿಷಕ್ಕೆ ಕ್ಲಬ್ ಇಟ್ಟು ಕ್ರಿಕೆಟ್ಟಿಗೆ ಓಡ್ತಾರೆ.

ವಿಡಿಯೋಗಳಲ್ಲಿ ತೋರಿಸೋ ಆಟಗಳಿಗೆಲ್ಲ ಹುಲ್ಲಿನ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಜಾಗ) ಬೇಕು, ಬಂಕರ್ (ಮರಳು ಗುಂಡಿ) ಬೇಕು. ನಮ್ಮ ಕಡೆ ಇರೋದು ಅಂಗಳ, ಜಗಲಿ, ಕೊಯ್ಲು ಮುಗಿದ ಮೇಲೆ ಗದ್ದೆ. ಮಳೆಗಾಲದಲ್ಲಿ ಅಂಗಳವೂ ಇಲ್ಲ. ಇಷ್ಟರಲ್ಲೇ ಅಭ್ಯಾಸ ಖುಷಿಯಾಗಿ ನಡೆಯೋ ಹಾಗೆ ಎಂತ ಮಾಡಬಹುದು? ಉಪದೇಶ ಬೇಡ ಮಾರಾಯ್ರೆ, ಅಳತೆ ಸಮೇತ ಹೇಳಿ.

ನಾಲ್ಕೂಕಾಲು ಇಂಚು
ಬೇಜಾರಿಗೆ ಕಾರಣ ಜಾಗ ಅಲ್ಲ, ಲೆಕ್ಕ ಇಲ್ಲದಿರೋದು. ಮೈದಾನದಲ್ಲಿ ಒಂದು ಹೊಡೆತ ಕೆಟ್ಟರೆ ಕಾರ್ಡಿಗೆ ಬೀಳುತ್ತೆ. ನೆಟ್ಟಿನ ಮುಂದೆ ಕೆಟ್ಟರೆ ಏನೂ ಆಗಲ್ಲ, ಮುಂದಿನ ಬಾಲ್ ಕಾಲ ಬುಡದಲ್ಲೇ ಇರುತ್ತೆ.

ಮೊದಲ ಕೆಲಸ: ಬಾಲ್ ಬುಟ್ಟಿಯನ್ನ ನಿಂತ ಜಾಗದಿಂದ ಐದು ಹೆಜ್ಜೆ ಹಿಂದಕ್ಕೆ ಇಡಿ. ಒಂದು ಬಾಲ್ ತಂದು, ಹಿಂದಿನಿಂದ ಗುರಿ ನೋಡಿ, ನಿಂತು, ಹೊಡೆದು, ಮತ್ತೆ ಹೋಗಿ ಇನ್ನೊಂದು ತರಬೇಕು. ಗಂಟೆಗೆ ನೂರು ಹೊಡೀತಿದ್ದವರು ನಲವತ್ತಕ್ಕೆ ಬರ್ತಾರೆ. ಆ ನಲವತ್ತಕ್ಕೂ ಒಂದೊಂದು ಉದ್ದೇಶ ಇರುತ್ತೆ.

ಎರಡನೇದು: ನೆಟ್ಟಿನ ಮುಂದೆಯೇ ಒಂಬತ್ತು ಹೋಲ್ ಆಡಿ. ಗೊತ್ತಿರೋ ಮೈದಾನದ ಹೋಲ್‌ಗಳನ್ನ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಪಾರ್ 4 (ನಾಲ್ಕು ಹೊಡೆತಕ್ಕೆ ಬಾಲ್ ಕುಳಿಗೆ ಸೇರಬೇಕಾದ ಹೋಲ್) ಅಂದ್ರೆ ಮೊದಲು ದೂರ ಹೊಡೆಯೋ ಡ್ರೈವರ್. ಬಾಲ್ ನೆಟ್ಟಿನ ನಡು ಭಾಗಕ್ಕೆ ಬಿದ್ರೆ ಮುಂದಿನದು 8 ಐರನ್. ಪಕ್ಕಕ್ಕೆ ಬಿದ್ರೆ ಮರದ ಕೆಳಗೆ ಸಿಕ್ಕಿದೆ ಅಂತ ಲೆಕ್ಕ, 5 ಐರನ್‌ನಲ್ಲಿ ಸೊಂಟದ ಎತ್ತರ ದಾಟದ ಹಾಗೆ ತಗ್ಗಿ ಹೊಡೀಬೇಕು, ಒಂದು ಸ್ಟ್ರೋಕ್ ಹೆಚ್ಚು. ಆಮೇಲೆ ಅಂಗಳದಲ್ಲಿ ಒಂದು ಚಿಪ್ (ಹತ್ತಿರಕ್ಕೆ ಹಾರಿಸೋ ಸಣ್ಣ ಹೊಡೆತ), ಜಗಲಿ ಮೇಲೆ ಒಂದು ಪಟ್ (ನೆಲದ ಮೇಲೆ ಉರುಳಿಸೋ ಹೊಡೆತ). ಒಂಬತ್ತು ಹೋಲಿಗೆ ಮೂವತ್ತು ಚಿಲ್ಲರೆ ಹೊಡೆತ, ಮುಕ್ಕಾಲು ಗಂಟೆ. ಒಂದೇ ಕ್ಲಬ್ ಎರಡು ಸಲ ಸೇರಿ ಬರೋದೇ ಅಪರೂಪ.

ಜೋಗದ ಹಾದಿ
ಬುಟ್ಟಿ ಹಿಂದಿಡೋ ಮಾತು ನೂರಕ್ಕೆ ನೂರು ನಿಜ. ಬೇರೇನೂ ಮಾಡದೆ ಇದೊಂದೇ ಮಾಡಿದ್ರೂ ಆಯ್ತು.

ಹಳೇ ಹಿಡಿತ
ನಾನು ಒಪ್ಪಲ್ಲ. ಪ್ರತಿ ಬಾಲ್‌ಗೂ ಕ್ಲಬ್ ಬದಲಿಸಿದ್ರೆ ಹೊಸಬರು ಏನು ಕಲೀತಾರೆ? ಗ್ರಿಪ್ಪೇ ಕೂತಿಲ್ಲದವರಿಗೆ ಒಂಬತ್ತು ಹೋಲ್ ಆಡಿಸಿದ್ರೆ ತಪ್ಪು ಸ್ವಿಂಗನ್ನೇ ಒಂಬತ್ತು ಥರ ಮಾಡ್ತಾರೆ. ಒಂದೇ ಕ್ಲಬ್, ಒಂದೇ ಹೊಡೆತ, ಕೈಗೆ ಹತ್ತೋ ತನಕ. ಸಂಗೀತದಲ್ಲಿ ಸರಳೆ ವರಸೆ ಬಿಟ್ಟು ಕೀರ್ತನೆಗೆ ಹೋಗ್ತಾರಾ?

ನಾಲ್ಕೂಕಾಲು ಇಂಚು
ಹಿಡಿತದವರೇ, ಹೊಸದಾಗಿ ಗ್ರಿಪ್ ತಿದ್ದುವಾಗ ನೀವು ಹೇಳೋದು ಸರಿ. ಆದರೆ ಕೈಗೆ ಹತ್ತಿದೆ ಅನ್ನೋ ಭಾವನೆಯೇ ಮೋಸ ಮಾಡುತ್ತೆ. 1979ರಲ್ಲಿ ಶೀಯ ಮತ್ತು ಮಾರ್ಗನ್ ಅನ್ನೋ ಇಬ್ಬರು ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿದ್ರು. ಕೈಯಲ್ಲಿ ಟೆನಿಸ್ ಬಾಲ್ ಹಿಡಿದು ಮರದ ತಡೆಗಳನ್ನ ಹೇಳಿದ ಕ್ರಮದಲ್ಲಿ ಬೀಳಿಸೋ ಕೆಲಸ. ಒಂದು ಕ್ರಮ ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋದ ಗುಂಪು ಅಭ್ಯಾಸದ ಹೊತ್ತಲ್ಲಿ ಮುಂದಿತ್ತು. ಹತ್ತು ದಿನ ಬಿಟ್ಟು ನೋಡಿದಾಗ, ಮೂರು ಕ್ರಮಗಳನ್ನ ಕಲಸಿ ಮಾಡಿದ ಗುಂಪಿಗೇ ಹೆಚ್ಚು ನೆನಪಿತ್ತು. ನೆಟ್ಟಿನ ಮುಂದೆ 40ನೇ 7 ಐರನ್ ಚೆನ್ನಾಗಿ ಬರೋದಕ್ಕೆ ಕಾರಣ 39ನೇದು ಈಗಷ್ಟೇ ಹೊಡೆದಿರೋದು. ಮೈದಾನದಲ್ಲಿ ಆ 39 ಇರಲ್ಲ.

ಹಳೇ ಹಿಡಿತ
ಟೆನಿಸ್ ಬಾಲ್‌ನಲ್ಲಿ ಮರದ ಹಲಗೆ ಬೀಳಿಸೋದಕ್ಕೂ ಗಾಲ್ಫ್ ಸ್ವಿಂಗ್‌ಗೂ ಬಹಳ ವ್ಯತ್ಯಾಸ ಇದೆ ಸರ್. ಆದ್ರೂ ಮಧ್ಯದ ದಾರಿ ಹೇಳ್ತೀನಿ: ತಿದ್ದಬೇಕಾದ್ದು ಏನಾದ್ರೂ ಇದ್ರೆ ಮೊದಲ 12 ಬಾಲ್ ಒಂದೇ ಕ್ಲಬ್‌ನಲ್ಲಿ, ಅರ್ಧ ವೇಗದಲ್ಲಿ, ಅಂಕ ಇಲ್ಲದೆ. ಅದಾದ ಮೇಲೆ ನಿಮ್ಮ ಆಟ. ತಿದ್ದೋ ಹೊತ್ತಲ್ಲಿ ಅಂಕ ಇಟ್ಟರೆ ಕೈ ಹಳೇ ಚಾಳಿಗೇ ಹೋಗುತ್ತೆ, ಯಾಕಂದ್ರೆ ಹಳೇ ಚಾಳಿಯಲ್ಲಿ ಅಂಕ ಬರುತ್ತೆ. ಇದನ್ನಂತೂ ಬಿಟ್ಟುಕೊಡಲ್ಲ.

ಜಗಲಿಪಟ್ಟರ್ (ತೀರ್ಥಹಳ್ಳಿ)
ಇಬ್ಬರದ್ದೂ ಬರ್ಕೊಂಡೆ. 12 ಸುಮ್ಮನೆ, ಉಳಿದದ್ದು ಆಟ. ಆದ್ರೆ ಮಕ್ಕಳಿಗೆ ನೋಟ್‌ಬುಕ್ ಅಂದ್ರೆ ಶಾಲೆ ನೆನಪಾಗುತ್ತೆ. ಅವರಿಗೆ ಎಂತ?

ಕವಡೆ (ಸಾಗರ)
ಮಕ್ಕಳಿಗೆ ಚೌಕಾಬಾರದ ಕವಡೆ ಕೊಡಿ. ನಾಲ್ಕು ಕವಡೆ, ಒಂದೊಂದು ಎಣಿಕೆಗೂ ಒಂದು ಹೊಡೆತ ಗೊತ್ತು ಮಾಡಿ. ಒಂದು ಬಿದ್ರೆ 9 ಐರನ್ ಚಿಪ್, ಎರಡು ಬಿದ್ರೆ ವೆಡ್ಜ್ (ಬಾಲನ್ನ ಎತ್ತರಕ್ಕೆ ಎಬ್ಬಿಸೋ ಕ್ಲಬ್), ಮೂರಕ್ಕೆ 7 ಐರನ್ ಪೂರ್ತಿ ಸ್ವಿಂಗ್, ಚೌಕ ಬಿದ್ರೆ ಡ್ರೈವರ್, ಎಂಟು ಬಿದ್ರೆ ಇಷ್ಟ ಬಂದ ಹೊಡೆತ ಮತ್ತು ಎರಡರಷ್ಟು ಅಂಕ.

ಇದರಲ್ಲಿ ಒಂದು ಲೆಕ್ಕ ಇದೆ. ನಾಲ್ಕು ಕವಡೆ ಹದಿನಾರು ಥರ ಬೀಳಬಹುದು. ಅದರಲ್ಲಿ ಎರಡು ಬರೋದು ಆರು ಸಲ, ಒಂದು ಮತ್ತು ಮೂರು ತಲಾ ನಾಲ್ಕು ಸಲ, ಚೌಕ ಒಂದೇ ಸಲ, ಎಂಟೂ ಒಂದೇ ಸಲ. ಹಾಗಾಗಿ ಯಾವ ಹೊಡೆತ ತೀರಾ ಕೆಟ್ಟಿದೆಯೋ ಅದನ್ನ ಎರಡಕ್ಕೆ ಇಡಿ. ಮಕ್ಕಳು ಬಿಡದೆ ಕೇಳೋ ಡ್ರೈವರ್ ಚೌಕಕ್ಕೇ ಇರಲಿ. ಅಪರೂಪಕ್ಕೆ ಬಂದಾಗ ಎಷ್ಟು ಶ್ರದ್ಧೆಯಿಂದ ಹೊಡೀತಾರೆ ನೋಡಿ.

ಭದ್ರಾವತಿ ಲೇತ್
ಅಕ್ಕ, ಲೆಕ್ಕ ಚೆನ್ನಾಗಿದೆ. ಆದರೆ ಕವಡೆ ನಾಣ್ಯದ ಹಾಗೆ ಸಮಸಮ ಬೀಳಲ್ಲ. ಬೆನ್ನು ಉಬ್ಬು, ಬಾಯಿ ಚಪ್ಪಟೆ. ಒಂದೊಂದು ಕವಡೆಗೆ ಒಂದೊಂದು ಗುಣ. ಐವತ್ತು ಸಲ ಹಾಕಿ ಬರೆದಿಟ್ಟು ಆಮೇಲೆ ಹೊಡೆತ ಹಂಚಿ.

ಕವಡೆ (ಸಾಗರ)
ಒಪ್ಪಿದೆ. ಹುಣಸೆ ಬೀಜ ಒಂದು ಮಗ್ಗುಲು ಉಜ್ಜಿ ಹಾಕಿದ್ರೂ ಇದೇ ತೊಂದರೆ. ಐವತ್ತು ಸಲ ಹಾಕಿ ಎಣಿಸೋ ಕೆಲಸವನ್ನೂ ಮಕ್ಕಳಿಗೇ ಕೊಡಿ, ಮಳೆ ದಿನ ಹೊತ್ತು ಹೋಗುತ್ತೆ.

ಭದ್ರಾವತಿ ಲೇತ್
ನೆಟ್ಟಿನ ಬಗ್ಗೆ ಯಾರೂ ಮಾತಾಡ್ತಿಲ್ಲ, ಅದನ್ನ ಮೊದಲು ಸರಿ ಮಾಡಿ. ಗಾಲ್ಫ್ ಬಾಲ್ 42.67 ಮಿ.ಮೀ. ಕ್ರಿಕೆಟ್ ನೆಟ್ಟಿನ ಕಿಂಡಿ 50 ಮಿ.ಮೀ. ಇದ್ರೆ ಬಾಲ್ ತೂರಿ ಆಚೆ ಹೋಗುತ್ತೆ. ಕಿಂಡಿ 25 ಮಿ.ಮೀ.ಗಿಂತ ದೊಡ್ಡದು ಬೇಡ. ಹತ್ತಡಿ ಅಗಲ, ಹತ್ತಡಿ ಎತ್ತರ. ಬಿಗಿಯಾಗಿ ಎಳೆದು ಕಟ್ಟಬೇಡಿ. ಬಿಗಿ ನೆಟ್ ಬಾಲನ್ನ ವಾಪಸ್ ಎಸೆಯುತ್ತೆ. ಕೆಳಗಡೆ ಒಂದಡಿ ಸಡಿಲ ಇರಲಿ. ಅದರ ಒಂದಡಿ ಹಿಂದೆ ಹಳೇ ಕಂಬಳಿ ಇಳಿಬಿಡಿ, ಅದು ಬಾಲ್‌ನ ಸದ್ದನ್ನೂ ಜೋರನ್ನೂ ನುಂಗುತ್ತೆ. ಅಡಿಕೆ ಸಸಿಗೆ ಹಾಕೋ ಶೇಡ್ ನೆಟ್ ಹಿಂದಿನ ಪದರಕ್ಕೆ ಆಗಬಹುದು, ಮುಂದಕ್ಕೆ ಬೇಡ. ಒಂದು ಬೇಸಿಗೆ ಬಿಸಿಲು ತಿಂದ ಮೇಲೆ ವೆಡ್ಜಿನ ಹೊಡೆತಕ್ಕೆ ಹರಿಯುತ್ತೆ.

ಬಿದಿರಿನ ಗಳ ನೆಟ್ಟಿದ್ರೆ ಎರಡೂ ಗಳಕ್ಕೆ ಗೋಣಿಚೀಲ ದಪ್ಪಗೆ ಸುತ್ತಿ. ಡ್ರೈವರಿನ ಬಾಲ್ ಗಂಟೆಗೆ 200 ಕಿ.ಮೀ. ವೇಗದಲ್ಲಿ ಹೋಗುತ್ತೆ. ಬರೀ ಗಳಕ್ಕೆ ತಗುಲಿದ್ರೆ ನೇರ ಮುಖಕ್ಕೆ ಬರುತ್ತೆ. ಮಕ್ಕಳು ಹೊಡೆಯುವವರ ಹಿಂದೆ, ನಾಲ್ಕು ಮೀಟರ್ ದೂರದಲ್ಲಿ ಕೂರಬೇಕು. ಪಕ್ಕದಲ್ಲಿ ಯಾರೂ ನಿಲ್ಲಬಾರದು.

ಇನ್ನು ಆಟ. ಬಾಲಿಂದ ನೆಟ್ಟಿಗೆ 3 ಮೀಟರ್ ಇಡಿ. ಪಿಜಿಎ ಟೂರ್ (ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿ) ಆಟಗಾರರ ಸರಾಸರಿಯಲ್ಲಿ ಬಾಲ್ ಏಳೋ ಕೋನ ಡ್ರೈವರಿಗೆ ಸುಮಾರು 11 ಡಿಗ್ರಿ, 7 ಐರನ್ನಿಗೆ 16, ಪಿಚಿಂಗ್ ವೆಡ್ಜಿಗೆ 24. 3 ಮೀಟರ್ ದೂರದಲ್ಲಿ ಇದು 60, 90, 135 ಸೆಂ.ಮೀ. ಎತ್ತರ ಆಗುತ್ತೆ. ಆ ಮೂರು ಎತ್ತರಕ್ಕೆ ಮೂರು ಬಣ್ಣದ ಬಟ್ಟೆ ಪಟ್ಟಿ ಅಡ್ಡ ಹೊಲೀರಿ. ನೆಟ್ಟಗೆ ಎರಡು ಪಟ್ಟಿ, ನಡುವೆ 30 ಸೆಂ.ಮೀ. ಕಿಂಡಿ. 7 ಐರನ್ನಿನ ಬಾಲ್ ಆ ಕಿಂಡಿಯಲ್ಲಿ ಹೊರಟು ನೇರ ಹೋದ್ರೆ 130 ಮೀಟರ್ ದೂರದಲ್ಲಿ 13 ಮೀಟರ್ ಅಗಲದೊಳಗೆ ಬಿದ್ದಿರುತ್ತೆ. ಮೂರು ಅಡ್ಡ ಪಟ್ಟಿಗೂ ಎಡ, ನಡು, ಬಲ ಅಂತ ಲೆಕ್ಕ ಹಾಕಿದ್ರೆ ನೆಟ್ಟಿನ ಮೇಲೆ ಒಂಬತ್ತು ಮನೆ ಆಗುತ್ತೆ. ಇಬ್ಬರು ಸರದಿಯಲ್ಲಿ ಹೊಡೀರಿ, ಹೊಡೆಯೋ ಮೊದಲು ಮನೆ ಹೇಳಬೇಕು, ಮೂರು ಮನೆ ಒಂದೇ ಸಾಲಿಗೆ ಸಿಕ್ಕವರು ಗೆದ್ದರು.

ಒಂಬತ್ತನೇ ಕುಳಿ
ಲೇತ್ ಅಣ್ಣ, ಒಂದು ಸೇರಿಸಬೇಕು. ಬಾಲ್ ಹೊರಟ ದಿಕ್ಕು ಮಾತ್ರ ನೆಟ್ಟಿನಲ್ಲಿ ಗೊತ್ತಾಗುತ್ತೆ, ಆಮೇಲೆ ಬಾಗಿದ್ದು ಗೊತ್ತಾಗಲ್ಲ. ನಡು ಕಿಂಡಿಗೇ ಹೋಗಿ ಅರ್ಧ ಕಾಡಿಗೆ ತಿರುಗೋ ಬಾಲ್ ಎಷ್ಟೋ ಇವೆ. ಅದಕ್ಕೆ ಕ್ಲಬ್ಬಿನ ಮುಖಕ್ಕೆ ಒದ್ದೆ ಸೀಮೆಸುಣ್ಣ ಉಜ್ಜಿ. ಹೊಡೆದಲ್ಲಿ ಬಾಲ್‌ನ ದುಂಡು ಗುರುತು ಬೀಳುತ್ತೆ. ನಡುವೆ ಬಿದ್ರೆ ಎರಡು ಅಂಕ, ಬೆರಳಗಲ ಆಚೀಚೆ ಒಂದು, ಹಿಮ್ಮಡಿ ಕಡೆ (ಮುಖ ಕೋಲಿಗೆ ಸೇರೋ ಕಡೆ) ಬಿದ್ರೆ ಸೊನ್ನೆ. ಮೂರು ಬಾಲ್‌ಗೊಮ್ಮೆ ಒರೆಸಿ ಮತ್ತೆ ಹಚ್ಚಬೇಕು, ಗೀರುಗಳಲ್ಲಿ ಸುಣ್ಣ ಗಟ್ಟಿಯಾದ್ರೆ ಹಳೇ ಹಲ್ಲುಜ್ಜೋ ಬ್ರಶ್ ಸಾಕು. ಮಕ್ಕಳಿಗೆ ಈ ಗುರುತು ನೋಡೋದೇ ಒಂದು ಹಬ್ಬ, ಯಾರೂ ಬಾಯಿಬಿಟ್ಟು ಹೇಳದೆ ತಪ್ಪು ಕಣ್ಣಿಗೆ ಕಾಣುತ್ತೆ.

ಕೊಪ್ಪ ಕಾಫಿ
ಮ್ಯಾಟ್ ಮೇಲೆ ಹೊಡೆಯೋರು ಇನ್ನೊಂದು ಮೋಸಕ್ಕೆ ಬೀಳ್ತಾರೆ. ಕ್ಲಬ್ ಬಾಲ್‌ಗಿಂತ ಹಿಂದೆ ನೆಲಕ್ಕೆ ಬಡಿದ್ರೂ ಮ್ಯಾಟ್ ಮೇಲೆ ಜಾರಿ ಬಾಲಿಗೆ ಹೋಗಿ ಕೂರುತ್ತೆ, ಹೊಡೆತ ಚೆನ್ನಾಗಾಯ್ತು ಅನ್ಸುತ್ತೆ. ಅದೇ ಹೊಡೆತ ಹುಲ್ಲಿನ ಮೇಲೆ ಮಣ್ಣಲ್ಲಿ ಹೂತುಹೋಗುತ್ತೆ. ಬಾಲ್‌ನ ಹಿಂದೆ ನಾಲ್ಕು ಇಂಚು ಬಿಟ್ಟು ಒಂದು ಟವೆಲ್ ಮಡಚಿ ಇಡಿ. ಟವೆಲ್ ತಗುಲಿದ್ರೆ ಬಾಲ್ ಎಲ್ಲಿಗೇ ಹೋಗಲಿ, ಸೊನ್ನೆ. ನಾರಿನ ಕಾಲೊರೆಸು ತೀರಾ ಗಡಸು, ಮಣಿಕಟ್ಟು ನೋಯುತ್ತೆ. ಅದರ ಕೆಳಗೆ ಅರ್ಧ ಇಂಚು ಫೋಮ್ ಹಾಕಿ.

ತುಂಗಾತೀರ
ಗದ್ದೆ ಇರುವಾಗ ಮ್ಯಾಟ್ ಎಂತಕ್ಕೆ? ಜನವರಿಯಲ್ಲಿ ಕೊಯ್ಲು ಮುಗಿದ ಮೊದಲ ಎರಡು ಮೂರು ವಾರ ಗದ್ದೆ ಮಣ್ಣಲ್ಲಿ ಇನ್ನೂ ಸ್ವಲ್ಪ ಪಸೆ ಇರುತ್ತೆ. ಆಗಿನಷ್ಟು ಒಳ್ಳೆ ನೆಲ ಬೇರೆ ಇಲ್ಲ. ಫೆಬ್ರವರಿ ದಾಟಿದ್ರೆ ಮಣ್ಣು ಬಿರುಕು ಬಿಟ್ಟು ಕಲ್ಲಾಗುತ್ತೆ, ಕ್ಲಬ್ ಪುಟಿಯುತ್ತೆ. ಕೂಳೆ ಬುಡಕ್ಕೆ ಕೊಯ್ದಿರೋ ಕಡೆ, ಇಲ್ಲಾ ದನ ಮೇಯ್ದಿರೋ ಕಡೆ ಹತ್ತಡಿ ಉದ್ದ ಆರಿಸಿಕೊಳ್ಳಿ. ಉದ್ದು ಹಾಕೋ ಗದ್ದೆ ಆದ್ರೆ ಗದ್ದೆಯವರನ್ನ ಕೇಳದೆ ಇಳೀಬೇಡಿ.

ರಂಗೋಲಿ ಪುಡಿಯಲ್ಲಿ ಗುರಿಗೆ ಅಡ್ಡಲಾಗಿ ಒಂದು ಗೆರೆ ಎಳೀರಿ, ಎರಡು ಮಾರು ಉದ್ದ. ಬಾಲ್ ಬೇಡ. ಗೆರೆ ಎರಡು ಪಾದದ ನಡುವೆ ಬರೋ ಹಾಗೆ ನಿಂತು ವೆಡ್ಜ್ ಬೀಸಿ, ಒಂದು ಗೇಣು ಪಕ್ಕಕ್ಕೆ ಸರಿದು ಮತ್ತೆ ಬೀಸಿ. ಹತ್ತು ಸಲ. ಮಣ್ಣು ಎದ್ದ ಗುರುತು ಗೆರೆಯ ಮೇಲೋ ಗುರಿಯ ಕಡೆಯೋ ಶುರುವಾದ್ರೆ ಒಂದು ಅಂಕ. ಗೆರೆಯ ಹಿಂದೆ ಶುರುವಾದ್ರೆ ಇಲ್ಲ. ಹತ್ತಕ್ಕೆ ಏಳು ಬಂದ ಮೇಲೆ ಗೆರೆ ಮೇಲೆ ಬಾಲ್ ಇಡಿ. ಹಿಂದೆ ಬೀಳೋರಿಗೆ ಸಾಮಾನ್ಯವಾಗಿ ಭಾರ ಹಿಂಗಾಲಲ್ಲೇ ಉಳಿದಿರುತ್ತೆ, ಇಲ್ಲಾ ಬಾಲನ್ನ ಮೇಲಕ್ಕೆತ್ತೋ ಆಸೆಯಲ್ಲಿ ಮಣಿಕಟ್ಟು ಮೊದಲೇ ಬಿಚ್ಚಿರುತ್ತೆ. ಬೀಸಿದ ಮೇಲೆ ಹಿಂಗಾಲು ಎತ್ತಿ ಒಂದೇ ಕಾಲಲ್ಲಿ ನಿಲ್ಲೋಕೆ ಆಗುತ್ತಾ ನೋಡಿ. ಆಗದಿದ್ರೆ ಕಾರಣ ಮೊದಲನೇದು.

ಮೆಟ್ಟಿಲು ಗದ್ದೆ ಇದ್ರಂತೂ ಕೇಳೋದೇ ಬೇಡ. ಮೇಲಿನ ಗದ್ದೆಯಿಂದ ಕೆಳಗಿನದಕ್ಕೆ, ಕೆಳಗಿಂದ ಮೇಲಕ್ಕೆ, ಬದುವಿನ ಇಳಿಜಾರಲ್ಲಿ ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ. ರೇಂಜಿನ (ಅಭ್ಯಾಸ ಮೈದಾನದ) ಸಮತಟ್ಟು ಮ್ಯಾಟ್ ಮೇಲೆ ಇದು ಸಿಗಲ್ಲ.

ಜೋಗದ ಹಾದಿ
ಹಂಗೇ ಬ್ಯಾಣಕ್ಕೆ (ಹುಲ್ಲುಗಾವಲಿಗೆ) ಹೋಗಿ ಡ್ರೈವರ್ ಹೊಡೆದ್ರೆ ಆಯ್ತಲ್ಲ, ಎಷ್ಟು ಬೇಕಾದ್ರೂ ಜಾಗ ಇದೆ.

ಭದ್ರಾವತಿ ಲೇತ್
ದಯವಿಟ್ಟು ಬೇಡ. ಬ್ಯಾಣದಲ್ಲಿ ದನ ಇರ್ತವೆ, ಸೊಪ್ಪಿಗೆ ಬಂದವರು ಇರ್ತಾರೆ, ಮರದ ಹಿಂದೆ ಇದ್ರೆ ಕಾಣಲ್ಲ. 46 ಗ್ರಾಂ ಗಟ್ಟಿ ಬಾಲ್ 150 ಮೀಟರ್ ಆಚೆ ಬೀಳುವಾಗಲೂ ತಲೆ ಒಡೆಯೋಷ್ಟು ಜೋರಿರುತ್ತೆ. ಪೂರ್ತಿ ಸ್ವಿಂಗ್ ನೆಟ್ಟಿಗೆ ಮಾತ್ರ. ತೆರೆದ ಜಾಗದಲ್ಲಿ ಫೋಮ್ ಬಾಲ್, ಇಲ್ಲಾ ತೂತಿನ ಪ್ಲಾಸ್ಟಿಕ್ ಬಾಲ್. ಗದ್ದೆಯಲ್ಲೂ ನಿಜವಾದ ಬಾಲಿಗೆ 20, 30 ಮೀಟರ್ ಮಿತಿ ಇಟ್ಟುಕೊಳ್ಳಿ, ಗುರಿಯ ಹಿಂದೆ ದರೆ (ಮಣ್ಣಿನ ದಿಬ್ಬ) ಇರೋ ದಿಕ್ಕಿಗೇ ಹೊಡೀರಿ.

ಜೋಗದ ಹಾದಿ
ಸರಿ, ಒಪ್ಪಿದೆ. ದನಗಳ ಯೋಚನೆ ಬಂದಿರಲಿಲ್ಲ.

ತುಂಗಾತೀರ
ದರೆಯ ಮಾತು ಒಳ್ಳೇದು. ಜಂಬಿಟ್ಟಿಗೆ ನೆಲದಲ್ಲಿ ಮಾತ್ರ ಒಳ್ಳೆ ವೆಡ್ಜ್ ಇಳಿಸಬೇಡಿ. ಒಂದು ಹರಳು ಸಾಕು, ಗೀರು ಹಾರಿಹೋಗುತ್ತೆ.

ಕವಡೆ (ಸಾಗರ)
ಚಿಪ್ ಹೊಡೆತಕ್ಕೆ ಕುಂಟಾಬಿಲ್ಲೆ ಮಾಡಿ ನೋಡಿ. ಅಂಗಳದಲ್ಲಿ ಎರಡಡಿಯ ಚೌಕ ಎಂಟು, ಒಂದರ ಮುಂದೊಂದು. ಮೊದಲ ಮನೆಯಿಂದ ಹತ್ತಡಿ ಹಿಂದೆ ನಿಲ್ಲಬೇಕು. ಬಾಲ್ ಮೊದಲು ನೆಲ ಮುಟ್ಟೋ ಜಾಗವೇ ಲೆಕ್ಕ, ಉರುಳಿ ಎಲ್ಲಿಗೆ ಹೋಯ್ತು ಅನ್ನೋದು ಬೇಡ. ಒಂದನೇ ಮನೆಗೆ ಬಿದ್ರೆ ಎರಡಕ್ಕೆ ಹೋಗಬಹುದು. ತಪ್ಪಿದ್ರೆ ಸರದಿ ಇನ್ನೊಬ್ಬರಿಗೆ. ಗೆರೆ ಮೇಲೆ ಬಿದ್ರೆ ತಪ್ಪೇ, ಕುಂಟಾಬಿಲ್ಲೆಯಲ್ಲಿ ಇದ್ದ ಹಾಗೆ. ಎಂಟನೇ ಮನೆ ಮುಗಿಸಿದವರು ಒಂದು ಮನೆಗೆ ತಮ್ಮ ಗುರುತು ಹಾಕಬಹುದು. ಮುಂದಿನ ಸುತ್ತಲ್ಲಿ ಉಳಿದವರು ಆ ಮನೆ ಹಾರಿಸಬೇಕು. ಮಕ್ಕಳಿಗೆ ನಿಯಮ ಕಲಿಸೋ ಕೆಲಸವೇ ಇಲ್ಲ.

ಸದ್ದು ಬೇಕಂದ್ರೆ ಒಣಗಿದ ಅಡಿಕೆ ಹಾಳೆ ಮನೆಯೊಳಗೆ ಹಾಸಿ. ಬಾಲ್ ಬಿದ್ದಾಗ ಟಪ್ ಅನ್ನುತ್ತೆ. ಆ ಟಪ್ಪಿಗೋಸ್ಕರ ಇನ್ನೊಂದು ಬಾಲ್, ಇನ್ನೊಂದು ಬಾಲ್ ಅಂತ ಕತ್ತಲಾಗೋ ತನಕ ನಿಲ್ತಾರೆ. ಬುಟ್ಟಿ ಗುರಿ ಇಡೋರು ಒಳಗೆ ಗೋಣಿ ಹಾಕಿ, ಇಲ್ಲಾಂದ್ರೆ ಬಿದ್ದ ಬಾಲ್ ಪುಟಿದು ಹೊರಗೆ ಬಂದು ಜಗಳ ಶುರು.

ಒಂಬತ್ತನೇ ಕುಳಿ
ಇದಕ್ಕೇ ಕ್ಲಬ್ ಬದಲಿಸೋದನ್ನೂ ಸೇರಿಸಿ. ಒಂದೇ ಮನೆಗೆ ಪಿಚಿಂಗ್ ವೆಡ್ಜ್, 9, 7 ಮೂರರಲ್ಲೂ ಇಳಿಸಿ, ಬಾಲ್ ನಿಂತ ಜಾಗಕ್ಕೆ ಒಂದೊಂದು ಕಲ್ಲು ಇಡಿ. ಸಮತಟ್ಟು ಗ್ರೀನ್ ಮೇಲೆ ಸಾಮಾನ್ಯ ಲೆಕ್ಕ ಹೀಗೆ: ಗಾಳಿಯಲ್ಲಿ ಒಂದು ಪಾಲು ಹೋದ್ರೆ ಪಿಚಿಂಗ್ ವೆಡ್ಜ್ ಎರಡು ಪಾಲು ಉರುಳುತ್ತೆ, 9 ಐರನ್ ಮೂರು ಪಾಲು, 7 ಐರನ್ ಐದು. ಬಡಿದ ಮಣ್ಣಂಗಳದಲ್ಲಿ ಇದಕ್ಕಿಂತ ಜಾಸ್ತಿ ಓಡುತ್ತೆ, ಆದರೆ ಮೂರರ ನಡುವಿನ ಅಂತರ ಕಣ್ಣಿಗೆ ಕಟ್ಟುತ್ತೆ.

ದೊಡ್ಡವರಿಗೆ ಹದಿನೆಂಟರ ಆಟ. ಅಂಗಳದ ಒಂಬತ್ತು ಬೇರೆ ಬೇರೆ ಜಾಗದಿಂದ ಒಂದೊಂದು ಬಾಲ್, ಚಿಪ್ ಮಾಡಿ ಪಟ್ ಮಾಡಿ ಮುಗಿಸಬೇಕು. ಪ್ರತಿಯೊಂದಕ್ಕೂ ಪಾರ್ 2, ಒಟ್ಟು 18. ಮೂರು ಸುಲಭ ಜಾಗ, ಮೂರು ಸಾಧಾರಣ, ಮೂರು ಕಷ್ಟ ಇರಲಿ: ತುಳಸಿಕಟ್ಟೆ ಹಿಂದಿನಿಂದ, ಹುಲ್ಲಿನ ಬಣವೆ ಪಕ್ಕದಿಂದ, ಮೆಟ್ಟಿಲ ಕೆಳಗಿಂದ. ಬಾಲ್ ಒಂದೇ. ಎರಡನೇ ಅವಕಾಶ ಕೊಟ್ಟುಕೊಂಡ ಕೂಡಲೇ ಆಟ ಸತ್ತುಹೋಗುತ್ತೆ.

ಹಳೇ ಹಿಡಿತ
ಹುಲ್ಲಿನ ಬಣವೆ ಇರೋ ಹೊತ್ತಲ್ಲಿ ಅಂಗಳ ಖಾಲಿ ಎಲ್ಲಿರುತ್ತೆ? ಅಡಿಕೆ ಸುಗ್ಗಿಯಲ್ಲಿ ಇಡೀ ಅಂಗಳ ಬೇಯಿಸಿದ ಅಡಿಕೆಗೆ. ಅದರ ನಡುವೆ ಚಿಪ್ ಮಾಡೋಕೆ ಹೋದ್ರೆ ಮನೆ ಹಿರಿಯರು ಕ್ಲಬ್ಬನ್ನೇ ಒಲೆಗೆ ಹಾಕ್ತಾರೆ.

ಕೊಪ್ಪ ಕಾಫಿ
ಕಾಫಿ ಕಣವೂ ಅಷ್ಟೇ, ಡಿಸೆಂಬರಿಂದ ಫೆಬ್ರವರಿ ತನಕ ಹಣ್ಣು ಹರಡಿರುತ್ತೆ. ಅದರ ಹತ್ತಿರ ಫೋಮ್ ಬಾಲೂ ಬೇಡ. ಚೊಗರು (ಅಡಿಕೆ ಬೇಯಿಸಿದ ನೀರು) ಬಿದ್ದ ಜಾಗಕ್ಕೆ ಬಾಲ್, ಗ್ರಿಪ್ ತಗುಲಿದ್ರೆ ಕಲೆ ಹೋಗಲ್ಲ. ಸುಗ್ಗಿಯಲ್ಲಿ ಜಗಲಿಗೆ ಬನ್ನಿ, ಪಟ್ಟಿಂಗ್ ಕಾಲ ಅದು. ಒಪ್ಪಿಕೊಂಡು ಆಡಿ.

ಜಗಲಿಪಟ್ಟರ್ (ತೀರ್ಥಹಳ್ಳಿ)
ಅಲ್ಲಿಗೇ ಬರ್ತಿದ್ದೆ. ಜಗಲಿ ರೆಡ್ ಆಕ್ಸೈಡ್ ನೆಲ. ಬಾಲ್ ಮುಟ್ಟಿದ್ರೆ ಸಾಕು ಗೋಡೆ ತನಕ ಹೋಗುತ್ತೆ. ಇದರ ಮೇಲೆ ಪಟ್ ಮಾಡಿ ಉಪಯೋಗ ಉಂಟಾ?

ನಾಲ್ಕೂಕಾಲು ಇಂಚು
ಬರೀ ನೆಲದ ಮೇಲೆ ದೂರದ ಅಂದಾಜು ಕಲಿಯೋಕಾಗಲ್ಲ, ದಿಕ್ಕು ಕಲೀಬಹುದು. ಅದಕ್ಕೆ ಎರಡು ಗೋಟಡಿಕೆ ಸಾಕು. ಬಾಲಿಂದ 30 ಸೆಂ.ಮೀ. ಮುಂದೆ, ನಡುವೆ 6 ಸೆಂ.ಮೀ. ಬಿಟ್ಟು ಎರಡು ಅಡಿಕೆ ಇಡಿ. ಅಡಿಕೆಗೆ ತಗುಲದೆ ಈ ಬಾಗಿಲು ದಾಟಿದ ಬಾಲ್ ಆರಡಿ ದೂರದಲ್ಲಿ ನಡುಗೆರೆಯಿಂದ 53 ಮಿ.ಮೀ. ಒಳಗೇ ಇರುತ್ತೆ. ಕುಳಿಯ ವ್ಯಾಸ ನಾಲ್ಕೂಕಾಲು ಇಂಚು, ಅಂದ್ರೆ 108 ಮಿ.ಮೀ., ಅದರ ಅರ್ಧ 54. ಅಂದ್ರೆ ಬಾಗಿಲು ದಾಟಿದ ಬಾಲ್ ಸಮ ನೆಲದಲ್ಲಿ ಆರಡಿ ಪಟ್ಟಿನ ಕುಳಿಗೆ ಸರಿಯಾದ ದಿಕ್ಕಲ್ಲೇ ಹೊರಟಿದೆ. ಸಾಲಾಗಿ ಹತ್ತು ದಾಟಿಸಿ. ಒಂಬತ್ತಾಗಿ ಹತ್ತನೇದು ಅಡಿಕೆಗೆ ತಗುಲಿದ್ರೆ ಮತ್ತೆ ಒಂದರಿಂದ. ಆ ಎಂಟು, ಒಂಬತ್ತು, ಹತ್ತನೇ ಪಟ್ ಹೊಡೆಯುವಾಗ ಎದೆ ಹೊಡ್ಕೊಳ್ಳುತ್ತಲ್ಲ, ಮೈದಾನದ ಒತ್ತಡ ಮನೆಯಲ್ಲಿ ಸಿಗೋದು ಅಲ್ಲೇ.

ದೂರಕ್ಕೆ ಜಮಖಾನ ಹಾಸಿ. ಸುಕ್ಕು ಇರಬಾರದು, ಎರಡೂ ತುದಿಗೆ ಮಣೆ ಹೇರಿ. 3, 6, 9, 12 ಅಡಿಗೆ ಸೀಮೆಸುಣ್ಣದ ಗೆರೆ. ಹಾವು ಏಣಿ ನಿಯಮ: ಬಾಲ್ ಗೆರೆ ದಾಟಿ 17 ಇಂಚಿನೊಳಗೆ ನಿಂತ್ರೆ ಮುಂದಿನ ಗೆರೆಗೆ ಹತ್ತೋದು, ಗೆರೆ ಮುಟ್ಟದೆ ನಿಂತ್ರೆ ಒಂದು ಗೆರೆ ಇಳಿಯೋದು, 17 ಇಂಚು ದಾಟಿ ಓಡಿದ್ರೆ ಶುರುವಿಗೆ. ಆ 17 ಇಂಚು ಅಮೆರಿಕದ ಗಾಲ್ಫ್ ತರಬೇತುದಾರ ಡೇವ್ ಪೆಲ್ಜ್ ಅಳೆದು ಹೇಳಿದ ಲೆಕ್ಕ, ಕುಳಿ ತಪ್ಪಿದ ಬಾಲ್ ಅಷ್ಟು ಮುಂದೆ ಹೋಗೋ ವೇಗ ಒಳ್ಳೆಯ ವೇಗ ಅಂತ.

ಭದ್ರಾವತಿ ಲೇತ್
ಜಮಖಾನದ ವೇಗ ಅಳೆಯೋಕೆ 30 ಇಂಚು ಅಲ್ಯೂಮಿನಿಯಂ ಆ್ಯಂಗಲ್ ತಗೊಂಡು, ಒಂದು ತುದಿಯನ್ನ 26 ಸೆಂ.ಮೀ. ಎತ್ತಿ, ಬಾಲ್ ಬಿಡಿ. ಎಷ್ಟು ಅಡಿ ಉರುಳುತ್ತೋ ಅದು ನಿಮ್ಮ ಜಗಲಿಯ ಸ್ಟಿಂಪ್ (ಗ್ರೀನಿನ ವೇಗ ಹೇಳೋ ಅಂಕಿ).

ಒಂಬತ್ತನೇ ಕುಳಿ
ಹಾಗಂತ ಮೈದಾನದ ಅಂಕಿಗೆ ಹೋಲಿಸಬೇಡಿ ಅಣ್ಣ. ಎಡ್ವರ್ಡ್ ಸ್ಟಿಂಪ್ಸನ್ 1935ರಲ್ಲಿ ಮಾಡಿದ ಅಳತೆಪಟ್ಟಿಯ ಈಗಿನ ರೂಪದಲ್ಲಿ ಬಾಲ್ ಉರುಳೋ ತೋಡು 145 ಡಿಗ್ರಿ ಅಗಲ. ಆ್ಯಂಗಲ್ 90 ಡಿಗ್ರಿ. ಬಾಲ್ ಎರಡು ಪಕ್ಕೆ ಮೇಲೆ ಕೂತು, ಹೆಚ್ಚು ಸುತ್ತುತ್ತಾ, ಕಡಿಮೆ ವೇಗದಲ್ಲಿ ಹೊರಗೆ ಬರುತ್ತೆ. ನಿಮ್ಮದು ಏಳಡಿ ಅಂದ್ರೆ ಗ್ರೀನಿನ ಏಳಡಿ ಅಲ್ಲ.

ಭದ್ರಾವತಿ ಲೇತ್
ಸರಿಯಾದ ಮಾತು, ತಿದ್ಕೊಳ್ತೀನಿ. ನಿನ್ನೆಗೂ ಇವತ್ತಿಗೂ, ಜಮಖಾನಕ್ಕೂ ಚಾಪೆಗೂ ಹೋಲಿಸೋಕೆ ಮಾತ್ರ. ಮಳೆಗಾಲದಲ್ಲಿ ಅದೇ ಜಮಖಾನ ಪಸೆ ಹಿಡಿದು ನಿಧಾನ ಆಗೋದು ಇದರಲ್ಲಿ ಚೆನ್ನಾಗಿ ಕಾಣುತ್ತೆ.

ಜೋಗದ ಹಾದಿ
ಮಳೆಗಾಲ ಅಂದ್ರಲ್ಲ, ತೋಟದ ಅಂಚಲ್ಲಿ ಬಾಲ್ ಹುಡುಕೋಕೆ ಹೋಗುವಾಗ ಉಂಬಳಕ್ಕೆ (ಜಿಗಣೆಗೆ) ಎಂತ ಮಾಡ್ತೀರಿ?

ತುಂಗಾತೀರ
ಉದ್ದ ಕಾಲುಚೀಲ, ಅದಕ್ಕೆ ಹೊಗೆಸೊಪ್ಪು ಸುಣ್ಣ ಕಲಸಿದ ನೀರು ಹಚ್ಚೋದು. ಆದ್ರೆ ಆ ಕೈಯಲ್ಲಿ ಗ್ರಿಪ್ ಹಿಡೀಬೇಡಿ, ಜಾರುತ್ತೆ. ಕೇಸರಿ ಬಣ್ಣದ ಬಾಲ್ ತಗೊಂಡ್ರೆ ಹುಡುಕಾಟ ಅರ್ಧ ಕಮ್ಮಿ.

ಕವಡೆ (ಸಾಗರ)
ಮಳೆ ದಿನಕ್ಕೆ ಇನ್ನೊಂದು. ಮಕ್ಕಳಿಗೆ ಪಟ್ ಬೀಳಲಿಲ್ಲ ಅಂತ ಅಳು ಬಂದ್ರೆ ಈ ಲೆಕ್ಕ ಹೇಳಿ: ಪಿಜಿಎ ಟೂರಿನ ಆಟಗಾರರೇ ಎಂಟಡಿ ಪಟ್ಟಿನಲ್ಲಿ ಅರ್ಧದಷ್ಟು ಮಾತ್ರ ಹಾಕ್ತಾರೆ. ಆಟ ಕಟ್ಟುವಾಗಲೂ ಇದು ನೆನಪಿರಲಿ. ಹತ್ತಕ್ಕೆ ಎರಡು ಬೀಳೋ ಆಟಕ್ಕೆ ಮಕ್ಕಳು ನಿಲ್ಲಲ್ಲ, ಹತ್ತಕ್ಕೆ ಹತ್ತು ಬಿದ್ರೂ ನಿಲ್ಲಲ್ಲ. ಆರೇಳು ಬೀಳೋ ಹಾಗೆ ದೂರ ಹೊಂದಿಸಿ. ಎಂಟಾದ ದಿನ ಒಂದಡಿ ಹಿಂದೆ ಸರಿಸಿ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಲ್ಲಿ 4ನೇ ಸ್ಥಾನಕ್ಕೆ ಬಂದದ್ದು ಡ್ರೈವರಿನ ದೂರದಿಂದ ಅಲ್ಲ, ಪಟ್ಟರಿನಿಂದ. ಹೆಣ್ಣುಮಕ್ಕಳಿಗೆ ಇದನ್ನ ಎರಡು ಸಲ ಹೇಳಿ.

ಹಳೇ ಹಿಡಿತ
ಬಂಕರ್ ಒಂದು ಉಳೀತು. ಮನೆ ಕಟ್ಟಿ ಮಿಕ್ಕ ಹೊಳೆ ಮರಳು ಇದ್ರೆ ಆರಡಿ ನಾಲ್ಕಡಿ ಜಾಗಕ್ಕೆ ನಾಲ್ಕು ಇಂಚು ದಪ್ಪ ಹರಡಿ. ಎಂ ಸ್ಯಾಂಡ್ ಮೊನಚು, ಒದ್ದೆಯಾದ್ರೆ ಗಟ್ಟಿ ಕೂರುತ್ತೆ, ಕ್ಲಬ್ ಪುಟಿದು ಬಾಲ್‌ನ ಹೊಟ್ಟೆಗೆ ಬಡಿಯುತ್ತೆ. ಆಡೋ ಮೊದಲು ಕೆದಕಲೇಬೇಕು. ಬೆರಳಲ್ಲಿ ಗೆರೆ ಎಳೆದು, ಗೆರೆಗೆ ಕ್ಲಬ್ ಇಳಿಸಿ, ಮೂರಡಿ ಮುಂದಿಟ್ಟ ಅಡಿಕೆ ಹಾಳೆ ಮೇಲೆ ಮರಳು ಬೀಳಿಸೋದು. ಯಾರ ಹಾಳೆಯಲ್ಲಿ ಹೆಚ್ಚು ಮರಳು ಕೂತಿದೆ ಅಂತ ನೋಡಿ ಗೆಲುವು. ಹತ್ತು ಸಲ ಮರಳು ಬಿದ್ದ ಮೇಲೆ ಗೆರೆಯ ಎರಡಿಂಚು ಮುಂದೆ ಬಾಲ್ ಇಟ್ಟು ಅದೇ ಬೀಸು. ನೋಡಿ, ಇದರಲ್ಲಿ ಸರಳೆ ವರಸೆಯೂ ಇದೆ, ಆಟವೂ ಇದೆ.

ನಾಲ್ಕೂಕಾಲು ಇಂಚು
ಇದು ನಿಜಕ್ಕೂ ಚೆನ್ನಾಗಿದೆ ಹಿಡಿತದವರೇ. ಬಾಲ್ ಇಲ್ಲದ ಆಟದಲ್ಲಿ ಭಯ ಇರಲ್ಲ. ರಾತ್ರಿ ಒಂದು ತಾಡಪಾಲು ಮುಚ್ಚಿಡಿ, ಬೆಕ್ಕು ನಾಯಿ ಬರ್ತವೆ.

ಜಗಲಿಪಟ್ಟರ್ (ತೀರ್ಥಹಳ್ಳಿ)
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗ ಮಳೆ, ಜಗಲಿಯಿಂದಲೇ ಶುರು. ಜಮಖಾನ ಹಾಸಿ ಆಯ್ತು, ಅಡಿಕೆ ಬಾಗಿಲು ಆಯ್ತು. ಕುಳಿಗೆ ಏನು ಇಡೋದು ಅನ್ನೋದೊಂದು ಉಳೀತು, ನೆಲ ಅಗೆಯೋಕಾಗಲ್ಲ.

ಕೊಪ್ಪ ಕಾಫಿ
ಸ್ಟೀಲ್ ಲೋಟ ಅಡ್ಡ ಮಲಗಿಸಿ. ಬಾಯಿ ಏಳು ಸೆಂ.ಮೀ. ಆಸುಪಾಸು ಇರುತ್ತೆ, ನಿಜವಾದ ಕುಳಿಗಿಂತ ಚಿಕ್ಕದು. ಒಂದು ವಾರ ಅದಕ್ಕೆ ಆಡಿ ಮೈದಾನಕ್ಕೆ ಹೋದ್ರೆ ಕುಳಿ ಕೊಳಗದಷ್ಟು ಕಾಣುತ್ತೆ.

ಜಗಲಿಪಟ್ಟರ್ (ತೀರ್ಥಹಳ್ಳಿ)
ಮಾಡಿ ನೋಡಿದೆ, ಬಾಲ್ ಒಳಗೆ ಹೋದ ಕೂಡಲೇ ಲೋಟವೇ ಉರುಳಿ ಹೋಗುತ್ತೆ.

ಕವಡೆ (ಸಾಗರ)
ಎರಡೂ ಪಕ್ಕಕ್ಕೆ ಒಂದೊಂದು ಗೋಟಡಿಕೆ ಒತ್ತು ಕೊಡಿ, ಹಿಂದೆ ಒಂದು ಮಣೆ. ಲೋಟದೊಳಗೆ ಒಂದು ಬಟ್ಟೆ ಚೂರು ತುರುಕಿ, ಬಾಲ್ ವಾಪಸ್ ಪುಟಿಯಲ್ಲ.